ಏನಾಗಬೇಕು

ಕೌಂಟರಿನ ಹುಡುಗ ತಲಿ ಎತ್ತಲಿಲ್ಲ.
"ಪೇಷಂಟಿನ ಹೆಸರು?"
ಸಮಾಧಾನಮ್ಮ.
"ವಯಸ್ಸು?"
ಎಪ್ಪತ್ತಿರಬಹುದು. ಆಕಿ ಅರವತ್ತೆರಡು ಅಂತಾಳ,
ಏಳೆಂಟು ವರ್ಷದಿಂದ ಅರವತ್ತೆರಡೇ ಅಂತಾಳ.
"ನಿಮಗ ಏನಾಗಬೇಕು?"

ಪೆನ್ನು ನಿಂತಿತು. ನಾನೂ ನಿಂತೆ.

ಅವ್ವ ಅಲ್ಲ. ನಮ್ಮವ್ವ ಔರಾದದ ಮಣ್ಣಾಗ ಅದಾಳ.
ಅತ್ತಿ ಅಲ್ಲ, ಬೀಗತಿ ಅಲ್ಲ,
ಊರೂ ಒಂದಲ್ಲ, ಆಕೀದು ಚಿಟಗುಪ್ಪಾ ಕಡಿ.
ಮಂಗಲಪೇಟದಾಗ ಕೆಂಪು ಕಲ್ಲಿನ ಕಂಪೌಂಡು,
ಏಳು ಖೋಲಿ, ಒಂದು ನಳ.
ಮೂಲಿ ಖೋಲಿ ಆಕೀದು, ಬಾಜೂದ್ದು ನಂದು.
ನಡುವಿನ ಗ್ವಾಡಿ ಎಷ್ಟು ತೆಳ್ಳಗ ಅಂದ್ರ
ರಾತ್ರಿ ಆಕಿ ಯಾರ್ಯಾರ ಹೆಸರು ಹಿಡದು ಪ್ರಾರ್ಥನಾ ಮಾಡ್ತಾಳ
ಎಲ್ಲಾ ಕೇಳಸ್ತದ.
ಎಸ್ತೇರ, ದೇವಪುತ್ರ, ಆಮ್ಯಾಲ ಜರಾ ತಡದು, ಸುಗಂಧಿ.
ಆ ತಡಿಯೋದು ನನ್ನ ಜಾಗಾ.
ಮೂರು ವರ್ಷಾತು, ಖಾಲಿ ಅದ.

ಕುಕ್ಕರಿನ ಸಲುವಾಗಿ. ಖರೆ ಹೇಳ್ತೀನಿ, ಕುಕ್ಕರು.
ಐದು ಲೀಟರಿಂದು. ತವರಿನಿಂದ ಬಂದದ್ದು ಅದೊಂದೇ.
"ಎರಡು ದಿನ" ಅಂತ ಒಯ್ದಳು.
ಎರಡು ತಿಂಗಳಿಗೆ ಕೇಳಿದೆ.
"ದೇವರ ಕೆಲಸಕ್ಕ ಇಟಗೊಂಡೀನಿ."
ದೇವರ ಮನ್ಯಾಗ ಒಂದು ಕುಕ್ಕರಿಲ್ಲೇನು ಅಂದೆ.
ಅಷ್ಟೇ.

ದೇವರ ಕೆಲಸ ಅನ್ನೋದು ಸುಳ್ಳಲ್ಲ.
ಒಣದ್ರಾಕ್ಷಿ ಕುದಿಸಿ, ಅರಿವ್ಯಾಗ ಹಿಂಡಿ,
ಮೊದಲನೇ ಐತಾರಕ್ಕ ಕರ್ತನ ಮೇಜಿನ ರಸ ಮಾಡಾಕಿ ಆಕಿ.
ಶನಿವಾರ ಸಂಜಿ ಗ್ವಾಡಿ ಆಚಿ ನನ್ನ ಕುಕ್ಕರು ಸೀಟಿ ಹೊಡೀತದ,
ಈಚಿ ನಾನು ಎಣಿಸ್ತೀನಿ.
ಮರುದಿನ ಮೊಣಕಾಲೂರಿ ಅದನ್ನೇ ಕುಡೀತೀನಿ.
ಮೂವತ್ತಾರು ಸಲ ಕುಡದೀನಿ.
ಸಿಟ್ಟು ಇಳೀಲಿಲ್ಲ.
ಆ ರಸ, ಈ ಸಿಟ್ಟು
ಒಂದೇ ಹೊಟ್ಟ್ಯಾಗ ಬಾಡಿಗಿ ಇದ್ದಂಗ ಇದ್ವು.

ಅದಕ್ಕೂ ಮೊದಲ
ನನ್ನ ಕೂಸು ಅಳದೇ ಹುಟ್ಟಿತು.
ಅಣ್ಣ ಫೋನ್ ಮಾಡಿ "ದೇವರ ಚಿತ್ತ" ಅಂದ, ಇಟ್ಟ.
ಈಕಿ ಏನೂ ಅನ್ನಲಿಲ್ಲ.
ಮೂರು ರಾತ್ರಿ ಕಾಲಬುಡಕ ಕುಂತು ಹಿಂಬಡ ಒತ್ತಿದಳು,
ಹಾಲು ತುಂಬಿ ಕಲ್ಲಾದ ಎದಿಗಿ
ಮಲ್ಲಿಗಿ ಹೂವು ಕಟ್ಟಿದಳು.

"ಮೇಡಂ, ಏನಾಗಬೇಕು?"

ಹಿಂದ ನೋಡಿದೆ.
ದೇವಪುತ್ರ ಕಾಕಾ ಬಿದರಿ ಕಾರಖಾನಿಯಿಂದ ಹಂಗೇ ಬಂದಾನ,
ಕ್ವಾಟಿ ಮಣ್ಣಿನ್ಯಾಗ ಬೆರಳೆಲ್ಲ ಕರ್ರಗ.
ಎಸ್ತೇರಕ್ಕನ ಕೈಯಾಗ ಬುತ್ತಿ, ಯಾರಿಗಂತ ಆಕೀಗೂ ಗೊತ್ತಿಲ್ಲ.
ಸುಗಂಧಿ ಗಂಡ, ಸಭಾಕ್ಕ ಎಂದೂ ಬರದವ,
ನಳದ ಮುಂದ ಜಾರಿ ಬಿದ್ದಾಕೀನ ಎತ್ತಿ ಆಟೋದಾಗ ತಂದವ,
ಬಾಡಿಗಿ ತಗೊಂಡಿಲ್ಲ, ಹೋಗೂ ಇಲ್ಲ.

ಸಭಾದಾಗ ಸಹೋದರಿ ಅಂತೀವಿ, ಬಾಯಿ ತುಂಬ ಬರ್ತದ.
ಈ ಕಿಟಕಿ ಮುಂದ ಬರವಲ್ದು.
ಒಂದೇ ತಾಯೇನು ಅಂತ ಕೇಳ್ತಾನ,
ಅಡ್ಡಹೆಸರು ಕೇಳ್ತಾನ.

ಆಗ ಸ್ಟ್ರೆಚರಿನ ಮ್ಯಾಲಿಂದ ಆಕಿ,
ತೊಡಿ ಮುರದಾಕಿ, ಕಣ್ಣು ತೆರೀದೇ,
"ಈಕೀಗಿ ನಾ ಒಂದು ಕುಕ್ಕರ್ ಕೊಡೋದದ. ಹಂಗ ಬರಕೋ."

ಹುಡುಗ ತಲಿ ಎತ್ತಿದ.
ಏನು ಬರಕೊಂಡನೋ, ಸಹಿ ಅಂದ, ಮಾಡಿದೆ.
ಓದಲಿಲ್ಲ.

ಆಗಬೇಕು. ಖರೆ, ಏನರೆ ಆಗಬೇಕು.
ಆಗಿ ಮುಗದದ ಅಂತ ಯಾರು ಹೇಳ್ಯಾರ?
ನಳದ ಮುಂದ, ಕೊಡ ತುಂಬೂ ತನಕ,
ಒಬ್ಬರ ಮುಖ ಒಬ್ಬರು ನೋಡದೇ
ಜರಾ ಜರಾ ಆಗ್ಲಿಕತ್ತೀವಿ.

ಸಂಜಿ ಆಕಿ ಸೀರಿ ತರಲಿಕ್ಕ ಮೂಲಿ ಖೋಲಿಗಿ ಹೋದೆ.
ಶನಿವಾರ.
ಬಟ್ಟಲದಾಗ ದ್ರಾಕ್ಷಿ ನೆನದು ಉಬ್ಬಿದ್ವು.
ಒಲಿ ಮ್ಯಾಲ ನನ್ನ ಕುಕ್ಕರು,
ಹಿಡಿಕಿ ಮುರದದ, ತಂತಿ ಸುತ್ಯಾಳ,
ತಂತಿ ಮ್ಯಾಲ ಅರಿವಿ ಸುತ್ಯಾಳ, ಅರಿವಿ ಮ್ಯಾಲ ದಾರ.
ಇದಕ್ಕೇನು, ಮುದುಕಿ,
ಇದಕ್ಕೇನು ಮೂರು ವರ್ಷ?

ನೀರು ಹಾಕಿದೆ. ಮುಚ್ಚಳ ತಿರುವಿದೆ.
ಸೀಟಿ ಹೊಡೀತು.
ಗ್ವಾಡಿ ಆಚಿ ನನ್ನ ಖೋಲಿ, ದೀಪ ಇಲ್ಲ,
ಎಣಿಸಾವರು ಯಾರೂ ಇರಲಿಲ್ಲ.