ಅರ್ಧ ಅಕ್ಷರ

ಶಿವಪುತ್ರಪ್ಪನ ಪ್ರೆಸ್ಸಿಗೆ ಪರದೇಶದ ಮಷಿನ್ನು ಬಂದ ದಿನ
ಗದಗಿನ ನಮ್ಮ ಗಲ್ಲಿಗೆ ಲಾರಿ ಹೊಗಲಿಲ್ಲ.
ಎಂಟು ಮಂದಿ ಹಮಾಲರು, ಉರುಳುವ ಪೈಪು, ಬೈಗುಳ,
ಕೊನೆಗೆ ಒಂದು ತೆಂಗಿನಕಾಯಿ.
ನನಗೆ ಪೆಟ್ಟಿಗೆಯ ಮೇಲೆ ಕಣ್ಣು:
ಬೆಳ್ಳನೆಯ ಹಲಗೆ, ಇನ್ನೂ ಆರದ ರಾಳದ ವಾಸನೆ,
ಬೈಂಡಿಂಗ್ ಕೋಣೆಗೆ ಒಂದು ಅಟ್ಟ ಆಗುತ್ತಿತ್ತು.
ಕಾಳಪ್ಪ ಬಡಿಗೇರ ಅಳತೆ ತಗೊಂಡೂ ಹೋಗಿದ್ದ.

ಮೂರನೆಯ ರಾತ್ರಿ ಪಂಚಾಂಗದ ಫಾರ್ಮು ಮಡಚುತ್ತಿದ್ದೆ.
ಕರೆಂಟು ಹೋಗಿ ಹಳೆಯ ಮಷಿನ್ನು ನಿಂತಾಗ ಕೇಳಿಸಿತು
ಕರ್, ಕರ್,
ಯಾರೋ ಕಟಕರೊಟ್ಟಿ ಕದ್ದು ತಿನ್ನುವ ಹಾಗೆ.
ಬ್ಯಾಟರಿ ಹಿಡಿದೆ. ಹಲಗೆಯ ಬುಡದಲ್ಲಿ
ಸಾಣಿಸಿದ ಹಿಟ್ಟಿನಂಥ ಪುಡಿ, ಒಂದು ಚಿಟಿಕೆ.
ಮೇಲೆ ತೂತು, ನನ್ನ ದಬ್ಬಣ ಹಾಯುವಷ್ಟು.

"ಹುಳಾ ಹೆಂಗ ಇರ್ತದ? ಕಾಸಿ ಕಳಿಸ್ಯಾರ,
ಮುದ್ರಿ ಐತಿ ನೋಡು" ಎಂದ ಶಿವಪುತ್ರಪ್ಪ.
ಇತ್ತು. ತೆನೆಯ ಚಿತ್ರ, ದೇಶದ ಅಕ್ಷರ, ನಂಬರು,
ಕೊನೆಗೆ ಎಚ್, ಟಿ.
ತಿರುಳಿನ ತನಕ ಬಿಸಿ ಮುಟ್ಟಿಸಿದ್ದೇವೆ ಎಂಬ ಆಣೆ.

ದಾವಲಸಾಬ ಕನ್ನಡಕ ಒರೆಸಿದ.
ನಲವತ್ತು ವರ್ಷ ಮೊಳೆ ಜೋಡಿಸಿದವನು,
ತಿರುವುಮುರುವು ಅಕ್ಷರವೇ ಅವನಿಗೆ ನೆಟ್ಟಗಿನದು.
ಈಗ ಕೆಲಸವಿಲ್ಲ, ಚಾ ಕುಡಿಯಲು ಬರುತ್ತಾನೆ.
ಮುದ್ರೆಯ ಮೇಲೆ ಉಗುರು ಎಳೆದು, ಹಲಗೆ ಮುಗಿಯುವಲ್ಲಿ ನಿಲ್ಲಿಸಿ ಕೇಳಿದ,
"ಟಿ ಅಕ್ಷರದ ಬಲಗೈ ಎಲ್ಲಿ?"

ಪಕ್ಕದ ಹಲಗೆಯಲ್ಲಿ ಆ ಕೈ ಇರಲಿಲ್ಲ.
ಬೇರೆ ಮರ, ಬೇರೆ ಮೊಳೆ,
ಅಂಚಿಗೆ ಬೆರಳಗಲ ತೊಗಟೆ.
"ಮುದ್ರಿ ಖರೇನ. ಆದ್ರ ಈ ಹಲಗಿ
ಮುದ್ರಿ ಬಿದ್ದ ಮ್ಯಾಲ ಬಂದು ಕುಂತದ.
ದಾರ್ಯಾಗ ಮುರದಿತ್ತೇನೋ, ಯಾರೋ ಸಿಕ್ಕದ್ದು ಬಡದಾರ."

ಫೋನು ಮಾಡಿದವಳು ನಾನು.
ಮಾಲಕರು ಮೂರು ದಿನ ಮಾತು ಬಿಟ್ಟರು.
ಅಧಿಕಾರಿ ಬರುವ ತನಕ ಪೆಟ್ಟಿಗೆಗೆ
ಎರಡು ಪದರ ಪ್ಲಾಸ್ಟಿಕ್ಕು ಸುತ್ತಿ, ಸಂದು ಸಂದಿಗೆ ಅಂಟು ಬಳಿದೆ,
ಇಷ್ಟು ದಪ್ಪ ಪುಸ್ತಕಕ್ಕೆ ನಾನು ಎಂದೂ ರಟ್ಟು ಕಟ್ಟಿರಲಿಲ್ಲ.

ಬಂದದ್ದು ಒಬ್ಬ ಎಳೆಯ ಹುಡುಗಿ. ಹಲಗೆ ಸೀಳಿದಳು.
ಒಳಗೆ ಅನ್ನದ ಬಣ್ಣದ್ದು, ಕಾಲಿಲ್ಲದ್ದು,
ಬೆಳಕು ತಾಗಿ ಮುದುಡಿತು.
ಹೆಸರೇನು ಅಂದೆ. ಲ್ಯಾಬಿಗೆ ಕಳಿಸಬೇಕು ಅಂದಳು.
ಸೀಸೆಯ ಮುಚ್ಚಳ ತಿರುವುತ್ತ, ನನ್ನನ್ನಲ್ಲ,
ಕಿಟಕಿಯನ್ನು ಕೇಳಿದಳು:
"ಕಪ್ಪತಗುಡ್ಡ ಇಲ್ಲಿಂದ ಎಷ್ಟು ದೂರ?"

ಇಟ್ಟಿಗೆ ಭಟ್ಟಿಯಲ್ಲಿ ಎಲ್ಲ ಸುಟ್ಟರು,
ಮುದ್ರೆ ಇದ್ದದ್ದೂ, ಇಲ್ಲದ್ದೂ.
ಕಾಳಪ್ಪ ಕಡೆಯವರೆಗೂ ನಿಂತಿದ್ದ. "ಎಂಥಾ ಹಲಗಿ" ಎಂದ, ಎರಡು ಸಲ.

ಈಗ ದಿನಾ ಪ್ರೆಸ್ಸಿನ ಬೀಗ ತೆಗೆಯುವ ಮೊದಲು
ಅಂಗಳದ ಬೇವಿನ ಬುಡ ನೋಡುತ್ತೇನೆ.
ನಿನ್ನೆ ಬೇರಿನ ಮೇಲೆ ಬೆಳ್ಳನೆ ಹಿಟ್ಟು.
ಮೊಣಕಾಲೂರಿ ಕೂತೆ. ತೊಗಟೆ ಸವರಿದೆ, ಕಿವಿ ಹಚ್ಚಿದೆ.
ಎದುರು ಗಿರಣಿಯ ಹುಡುಗ ಚೀಲ ಝಾಡಿಸುತ್ತ ನಕ್ಕ.
ಆದರೂ ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡಿದೆ.
ಜೋಳ.