ಸ್ವಂತ ವಾಕ್ಯದಲ್ಲಿ ಬಳಸಿ

ಶಿಡ್ಲಘಟ್ಟದ ಸರ್ಕಾರಿ ಕಾಲೇಜು, ಎರಡನೇ ಪಿಯುಸಿ, ಬಿ ವಿಭಾಗ.
ಕಿಟಕಿಯಾಚೆ ಗೂಡಿನ ಮಾರುಕಟ್ಟೆ; ಹರಾಜು ಮುಗಿದು
ಖಾಲಿ ಜರಡಿಗಳು ಒಂದರ ಮೇಲೊಂದು ಬೀಳುವ ಹೊತ್ತು.
ಬೋರ್ಡಿನ ಮೇಲೆ ಐದು ಇಂಗ್ಲಿಷ್ ನುಡಿಗಟ್ಟು,
ಹತ್ತು ಅಂಕ.

ಹಲ್ಲಿನ ಚರ್ಮದಷ್ಟರಲ್ಲಿ ಪಾರಾದ, ಎಂದೆ.
'ಹಲ್ಲಿಗೆ ಚರ್ಮ ಎಲ್ಲೈತೆ ಸಾ?'
ಹಿಂದಿನ ಬೆಂಚಿನ ಚಿಕ್ಕಾಂಜಿನಪ್ಪ ತುಟಿ ಮೇಲೆತ್ತಿ
ಪಕ್ಕದವನಿಗೆ ತೋರಿಸಿದ.
ಇಡೀ ತರಗತಿ ತಂತಮ್ಮ ಹಲ್ಲು ಮುಟ್ಟಿ ನೋಡಿಕೊಂಡಿತು.
ನಾನೂ, ಬೋರ್ಡಿನ ಕಡೆ ತಿರುಗಿ, ನಾಲಿಗೆಯಿಂದ.

ಗೈಡಿನಲ್ಲಿ ಅರ್ಥವಿತ್ತು: ಕೂದಲೆಳೆಯಲ್ಲಿ.
ಎಲ್ಲಿಂದ ಬಂತೆಂದು ಇರಲಿಲ್ಲ.
ಇಪ್ಪತ್ತೆರಡು ವರ್ಷ ನಾನೂ ಕೇಳಿರಲಿಲ್ಲ,
ಸಂತೆಯ ಕೊತ್ತಂಬರಿ ಕಟ್ಟನ್ನು
ಯಾರ ಮಡಿಯದ್ದೆಂದು ಕೇಳದ ಹಾಗೆ.

ಬಕೆಟ್ಟಿನಲ್ಲಿ ಒಂದು ಹನಿ. ತೈಲಕ್ಕೆ ಬಿದ್ದ ನೊಣ.
ಗೋಡೆಯ ಮೇಲಿನ ಬರಹ.
ಕೊನೆಯದು, ಕೈ ತೊಳೆದುಕೊಳ್ಳುವುದು.
'ಇದು ನಮ್ದೇ ಅಲ್ವಾ ಸಾರ್?' ಎಂದರು ಹುಡುಗಿಯರು.
ಹೂಂ, ನಮ್ದೇ, ಎಂದುಬಿಟ್ಟೆ.

ರಾತ್ರಿ ಉತ್ತರಪತ್ರಿಕೆ. ಕರೆಂಟು ಹೋಗಿ, ಬಂದು, ಹೋಗಿ.
'ಬಕೆಟ್ಟಿನಲ್ಲಿ ಒಂದೇ ಹನಿ ಇದ್ದರೆ ಮೋಟರ್ ಸುಟ್ಟಿದೆ ಎಂದರ್ಥ.'
ಅರ್ಧ ಅಂಕ, ನಗಿಸಿದ್ದಕ್ಕೆ.
'ಗೋಡೆಯ ಮೇಲಿನ ಬರಹ: ಇಲ್ಲಿ ಮೂತ್ರ ಮಾಡಬಾರದು.'
ಸೊನ್ನೆ. ಆಮೇಲೆ ಯೋಚಿಸಿ, ಒಂದು.
ತಸ್ಕೀನ್ ಬಾನು, ರೋಲ್ ನಂಬರ್ ನಲವತ್ತೊಂದು,
ಸ್ಪೆಲ್ಲಿಂಗ್ ಒಂದೂ ತಪ್ಪದೆ ಬರೆದಿದ್ದಳು:
'ನಮ್ಮ ಅಬ್ಬಾ ದಿನಾ ಸಂಜೆ ಗೂಡು ಬೇಯಿಸಿ ಕೈ ತೊಳೆದುಕೊಳ್ಳುತ್ತಾರೆ.
ವಾಸನೆ ಹೋಗುವುದಿಲ್ಲ.'

ಕೆಂಪು ಪೆನ್ನು ಅಲ್ಲೇ ನಿಂತಿತು.
ತಪ್ಪು. ಹೊಣೆ ಕಳಚಿಕೊಳ್ಳುವುದು ಅಂತ ಅರ್ಥ.
ಇವಳು ನಿಜವಾಗಿಯೇ ತೊಳೆಸಿದ್ದಾಳೆ, ನೀರು ಸೋಪು ಸಮೇತ.
ಆ ಕೈ ನಾನು ಬಲ್ಲೆ. ಖುದ್ದೂಸ್ ಸಾಹೇಬರದು.
ಫೀಸು ಕಟ್ಟಲು ಬಂದು ನೋಟು ಎಣಿಸಿದ ಬೆರಳು,
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಗೆರೆ ಅಳಿಸಿಹೋಗಿ, ಬೆಂದ ಕಡಲೇಕಾಯಿಯ ಹಾಗೆ ಬಿಳುಚಿ.
ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು
ಮನುಷ್ಯರದೆಂದು ಒಪ್ಪುವುದಿಲ್ಲವಂತೆ.

ಭಾನುವಾರ ಎಸ್ತೇರಮ್ಮನ ಮನೆಗೆ ಹೋದೆ, ರಿಟೈರಾದ ನರ್ಸು.
ಕನ್ನಡಕ ಒರೆಸಿ, ಕಪ್ಪು ರಟ್ಟಿನ ಗ್ರಂಥ ಬಿಚ್ಚಿದರು.
ಪುಟದ ನಡುವೆ ಯಾರದೋ ಇಂಜೆಕ್ಷನ್ ಚೀಟಿ, ಒಣಗಿದ ದವನ.
'ಇದಾ? ಇಲ್ಲಿದೆ. ಅದೂ ಇಲ್ಲೇ. ನೊಣ ಬಿದ್ದದ್ದೂ ಇಲ್ಲೇ.'
ಮೈತುಂಬ ಹುಣ್ಣಾದವನೊಬ್ಬ ಬೂದಿಯಲ್ಲಿ ಕೂತು
ಆಡಿದ್ದಂತೆ ಹಲ್ಲಿನ ಮಾತು,
ದನ, ಮನೆ, ಮಕ್ಕಳು, ಎಲ್ಲ ಹೋದ ಮೇಲೆ.
ಇಲ್ಲದ ಚರ್ಮ; ಅಷ್ಟೇ ಉಳಿದದ್ದು.
ಚಿಕ್ಕಾಂಜಿನಪ್ಪನಿಗೆ ಹೇಳಬೇಕು.

ಕೈ ತೊಳೆದವನು ಒಬ್ಬ ದೇಶಾಧಿಪತಿ.
ಜನ ಕೂಗುತ್ತಿದ್ದರು. ನೀರು ತರಿಸಿದ. ತೊಳೆದ.
'ಆಮೇಲೆ?'
'ಕೈಯ ಸುದ್ದಿ ಅಷ್ಟೇ ಇರೋದು.'
ತಸ್ಕೀನಳ ವಾಕ್ಯ ಹೇಳಿದೆ.
ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿ ದುಡಿದ ಕೈಯನ್ನು
ಎಸ್ತೇರಮ್ಮ ಮೂಗಿನ ಹತ್ತಿರ ಹಿಡಿದರು,
ಬಹಳ ಹೊತ್ತು.

ಸೋಮವಾರ ವರಾಂಡದಲ್ಲಿ ಅವಳೇ ಸಿಕ್ಕಳು.
'ಅಕೌಂಟೆನ್ಸಿಗೆ ಭಗೀರಥ ಪ್ರಯತ್ನ ನಡೀತಿದೆ ಸಾರ್.'
'ಭಗೀರಥ ಅಂದ್ರೆ ಯಾರು ಗೊತ್ತೇನಮ್ಮ?'
'ಯಾರೋ ತುಂಬಾ ಕಷ್ಟಪಟ್ಟೋರು.
ಬೋರ್‌ವೆಲ್ ಲಾರಿ ಮೇಲೆ ಹೆಸರಿರುತ್ತಲ್ಲ?'
ಸಾವಿರದೈನೂರು ಅಡಿ ಕೊರೆದರೂ ಧೂಳೇ ಹಾರುವ ಊರಿನಲ್ಲಿ
ಇದಕ್ಕಿಂತ ಸರಿಯಾದ ಅಡಿಟಿಪ್ಪಣಿ
ನನ್ನ ಹತ್ತಿರ ಇರಲಿಲ್ಲ.

ಎರಡಕ್ಕೆ ಎರಡು ಕೊಟ್ಟಿದ್ದೆ.
'ಬೋರ್ಡ್ ಪರೀಕ್ಷೇಲಿ ಯಾರು ಕೊಡ್ತಾರೆ?
ಮಕ್ಕಳನ್ನ ಹಾಳು ಮಾಡ್ತೀರಿ' ಎಂದರು ಪ್ರಿನ್ಸಿಪಾಲರು,
ಎರಡನ್ನು ಹೊಡೆದುಹಾಕಿ ಸೊನ್ನೆ ಸುತ್ತಿದರು.
ಪಕ್ಕದಲ್ಲಿ ಸಹಿ ಬೇಕು ಎಂದರು. ಹಾಕಿದೆ.
ಸೀಮೆಸುಣ್ಣದ ಕೈ ತೊಳೆಯೋಣವೆಂದು ಹಿತ್ತಿಲ ನಲ್ಲಿಗೆ ಹೋದೆ,
ತಿರುವಿದೆ.
ಒಂದು ಹನಿ ಬಿಟ್ಟು
ನಿಂತುಬಿಟ್ಟಿತು.