ಗಾಳಿ ಹಾಕುವುದು

ಇವತ್ತು ಫ್ಯಾನ್ ತಿರುಗಲಿ, ಮೈಕ್ ಇಲ್ಲ.
ಕಿಟಕಿಯೂ ತೆರೆದಿರಲಿ.
ಕುಲಶೇಖರದ ಏರಿನಲ್ಲಿ ಏದುಸಿರು ಬಿಡುವ ಬಸ್ಸು,
ಸ್ಟೇಟ್ ಬ್ಯಾಂಕ್ ಸ್ಟೇಟ್ ಬ್ಯಾಂಕ್ ಎಂದು ತಗಡು ಬಡಿಯುವ ಕಂಡಕ್ಟರ್,
ಬೂತಾಯಿ ತಂದ ಸ್ಕೂಟರಿನ ಪೋಂ ಪೋಂ,
ಕೆಳಗೆ ಟಯರ್ ಅಂಗಡಿಯ ಕಂಪ್ರೆಸರ್,
ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ ಇದು.
ಮಿಡಿ ಎಂದರೆ ಕಿವುಡು.
ಅದಕ್ಕೆ ಗೊತ್ತಾಗುವುದು ಬೆರಳು ಮಾತ್ರ:
ಯಾವ ಕೀ, ಎಷ್ಟು ಜೋರು, ಒತ್ತಿದ್ದು ಯಾವಾಗ, ಬಿಟ್ಟದ್ದು ಯಾವಾಗ.

"ಹಾಗಾದರೆ ಸ್ವರ ಎಲ್ಲುಂಟು?"
ಸೆರಗಲ್ಲಿ ಕನ್ನಡಕ ಒರೆಸುತ್ತ ಕೇಳಿದರು ಕಾರ್ಮಿನ್ ಬಾಯಿ.
ಅದು ಆಮೇಲೆ ಹಾಕುವುದು, ಎಂದೆ.
"ಹೋ, ಮೀನು ಬರುವ ಮೊದಲೇ ಮಸಾಲೆ ಅರೆದಿಟ್ಟ ಹಾಗೆ."
ಹಾಗೇ.

ನಲವತ್ತೊಂದು ವರ್ಷ ಇಗರ್ಜಿಯ ಅಟ್ಟದಲ್ಲಿ
ತುಳಿಯುವ ಹಾರ್ಮೋನಿಯಂ ನುಡಿಸಿದವರು.
ಈಗ ಆ ಹದಿನೇಳು ಮೆಟ್ಟಿಲಿಗೆ ಮಂಡಿ ಒಪ್ಪುವುದಿಲ್ಲ.
ಹೊಸ ಪಾದ್ರಿಯವರು ಮೆತ್ತಗೆ ಹೇಳಿದರಂತೆ,
ನೀವೇ ಬಾರಿಸಿ ಒಂದು ಪೆನ್ ಡ್ರೈವ್ ಮಾಡಿ ಕೊಡಿ.
"ಪೆನ್ ಡ್ರೈವಿಗೆ ಮಂಡಿ ಇಲ್ಲವಲ್ಲ ಮಾರಾಯ," ಎಂದು ನಕ್ಕು
ಚೀಟಿ ಬಿಚ್ಚಿದರು: ಮೂವತ್ತೆರಡು ಹಾಡು,
ಅದರಲ್ಲಿ ಐದು ಮರಣದ್ದು.
ಅವನ್ನು ಮೊದಲು ಮುಗಿಸುವ, ಹೇಗೂ ಯಾವಾಗಲೂ ಅರ್ಜೆಂಟಿಗೆ ಬೇಕಾಗುವುದು.

ಮೆಟ್ರೊನೋಮ್ ಟಕ್ ಟಕ್.
"ನಿಲ್ಲಿಸು ಇದನ್ನು, ಸಾಲದವ ಬಾಗಿಲು ತಟ್ಟಿದ ಹಾಗಾಗ್ತದೆ."
ನಿಲ್ಲಿಸಿದೆ.
ಒತ್ತಿದ್ದು ಈಗ, ಕೇಳಿಸಿದ್ದು ರೆಪ್ಪೆ ಬಡಿದ ಮೇಲೆ.
"ಹಿಂದಿನ ಬೆಂಚಿನವರು ಜಪಸರ ಹೇಳಿದ ಹಾಗೆ," ಅಂದರು.
ಬಫರ್ ಇಳಿಸಿದೆ.
ಬೆಂಚು ಮುಂದೆ ಬಂತು.

ನಾಲ್ಕನೇ ಹಾಡು, ಕೊನೆಯ ಚರಣ, ಒಂದೂ ತಪ್ಪಿಲ್ಲ,
ಆಗ ಪರದೆ ಕಪ್ಪು.
ಕರೆಂಟು ಹೋದದ್ದಲ್ಲ, ಫ್ಯಾನ್ ತಿರುಗುತ್ತಲೇ ಇತ್ತು.
ಮೇಜಿನಡಿ ಬಗ್ಗಿದರೆ
ಬಾಯಿಯ ಎರಡೂ ಪಾದ, ಚಪ್ಪಲಿ ಕಳಚಿಟ್ಟು,
ಎಡ ಬಲ ಎಡ ಬಲ
ನನ್ನ ವಯರಿನ ಗಂಟು, ಸ್ವಿಚ್ಚಿನ ಪೆಟ್ಟಿಗೆ ತುಳಿಯುತ್ತಿದ್ದವು.
ಸ್ವರ ನಿಂತಿತ್ತು, ಕಾಲು ನಿಂತಿರಲಿಲ್ಲ.
"ಗಾಳಿ ಹಾಕದೆ ಹೇಗೆ?"
ಇದಕ್ಕೆ ಗಾಳಿ ಬೇಡ ಬಾಯಿ.
"ನನಗೆ ಬೇಕು."

ವಯರುಗಳನ್ನು ಗೋಡೆಗೆ ಕಟ್ಟಿದೆ.
ಬಲಗಾಲಿಗೆ ಸಸ್ಟೇನ್ ಪೆಡಲ್,
ಎಡಗಾಲಿಗೆ ತೆಂಗಿನಕಾಯಿ ತುರಿಯುವ ಮಣೆ, ಹಲ್ಲು ಬಿಚ್ಚಿಟ್ಟು.
ಆ ದಿನ ಒಂಬತ್ತು ಹಾಡು ಮುಗಿಯಿತು.

ಮರುವಾರ ಪರದೆಯಲ್ಲಿ ತೋರಿಸಿದೆ:
ಎಡಗೈ ಉಂಗುರಬೆರಳು ಬಿದ್ದಲ್ಲೆಲ್ಲ ಮೂವತ್ತೆಂಟು, ನಲವತ್ತು.
ಉಳಿದವು ತೊಂಬತ್ತರ ಮೇಲೆ.
ಇರಲಿ, ಎಂದೆ ನಾನು, ಇದೇ ನಿಮ್ಮ ಕೈ, ಇದೇ ಚಂದ.
"ಎಂತ ಚಂದ? ಅರೆಯುವ ಕಲ್ಲು ಬಿದ್ದ ಬೆರಳು ಅದು.
ಕಲ್ಲನ್ನು ಪೂಜೆಯಲ್ಲಿ ಯಾಕೆ ಕೇಳಿಸುವುದು?"
ಮೌಸ್ ಕಸಿದುಕೊಂಡು
ಕುಗ್ಗಿದ ಒಂದೊಂದನ್ನೂ ಎತ್ತಿ ನಿಲ್ಲಿಸಿದರು,
ಪ್ರಸಂಗದ ಹೊತ್ತಿಗೆ ತೂಕಡಿಸುವ ಮಕ್ಕಳನ್ನು
ರಟ್ಟೆ ಹಿಡಿದು ಎಬ್ಬಿಸುವ ಹಾಗೆ.
ನಾನು ಚಾ ತರಲು ಹೋದೆ.

ಅವರು ರಿಕ್ಷಾ ಹತ್ತಿದ ಮೇಲೆ ಕಂಡದ್ದು:
ಸ್ವರಗಳ ಕೆಳಗೆ ಇನ್ನೊಂದು ಪಟ್ಟಿ, ಪೆಡಲಿನದು.
ಸೊನ್ನೆ, ನೂರಿಪ್ಪತ್ತೇಳು, ಸೊನ್ನೆ, ನೂರಿಪ್ಪತ್ತೇಳು,
ಹೊಲಿಗೆ ಮಿಷನ್ನಿನ ಗೆರೆ.
ಹಾಡು ಮುಗಿದ ಮೇಲೂ ಎಂಟು ಹೊಲಿಗೆ.

ಅಳಿಸಬೇಕು.
ಇಟ್ಟರೆ ಸ್ವರಕ್ಕೆ ಸ್ವರ ಅಂಟಿ ಗಂಜಿಯಾಗುತ್ತದೆ.
ಡಿಲೀಟಿನ ಮೇಲೆ ಬೆರಳಿಟ್ಟವ
ಅರವತ್ತನಾಲ್ಕನೇ ಕಂಟ್ರೋಲನ್ನು ಹನ್ನೊಂದಕ್ಕೆ ಬದಲಿಸಿದೆ,
ಚೂಪು ಮೂಲೆಗಳನ್ನು ಉಜ್ಜಿ ಇಳಿಜಾರು ಮಾಡಿದೆ,
ಆರ್ಗನ್ನು ಗೊತ್ತಾಗದಷ್ಟು ಉಬ್ಬಿ
ಗೊತ್ತಾಗದಷ್ಟು ಇಳಿಯುವ ಹಾಗೆ.
ಯಾರಿಗೂ ಹೇಳಲಿಲ್ಲ.

ಭಾನುವಾರ ಹತ್ತೂವರೆಗೆ ಫೋನು.
ಮೊದಲ ಸಲ ಕೆಳಗೆ ಬೆಂಚಿನಲ್ಲಿ ಕೂತು ಕೇಳಿದರಂತೆ.
"ಎಲ್ಲ ಲಾಯ್ಕಾಗಿದೆ. ಬೆರಳು ಸರಿಯಾಗಿದೆ.
ಆದರೆ ನಿನ್ನ ಪೆಟ್ಟಿಗೆಯಲ್ಲಿ ಎಲ್ಲೋ ತೂತುಂಟು ಮಾರಾಯ,
ಗಾಳಿ ಸೋರ್ತದೆ. ಸ್ವಲ್ಪ ನೋಡು."

ನೋಡ್ತೇನೆ ಬಾಯಿ, ಎಂದೆ.
ಇನ್ನೂ ನೋಡಿಲ್ಲ.